ಹಿತ್ತಲ ಕಟ್ಟಿಗೆಗೆ ಬಂದ ನೋಟೀಸು

ಬೋಲ್ಟನ್
12 ಜೂನ್ 2018

ತಂಗಿ ಪಾರ್ವತಿಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ ಎಂದು ಬರೆಯಲು ಪೆನ್ನು ಎತ್ತಿದೆ. ಆದರೆ ಮೊದಲ ಸಾಲಿನಲ್ಲೇ ಸುಳ್ಳು ಬರೆದರೆ ಉಳಿದದ್ದನ್ನು ನೀನು ನಂಬುವುದಿಲ್ಲ. ಕಾಗದ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನಿನಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ಈ ಮನೆಯಲ್ಲಿ ಫೋನು ಎಂದರೆ ಡಂಗುರ ಸಾರಿದ ಹಾಗೆ. ಮಗ ಅಮರೇಶ ಅದನ್ನು ಅಡಿಗೆಕಟ್ಟೆಯ ಮೇಲಿಟ್ಟು ಏನೋ ಒತ್ತುತ್ತಾನೆ, ನಿನ್ನ ದನಿ ಮೇಲಿನ ಖೋಲಿಗೂ ಕೇಳುತ್ತದೆ, ಕೆಳಗೆ ಬೇಸ್‌ಮೆಂಟಿಗೂ ಕೇಳುತ್ತದೆ. ಸೊಸೆ ಪಾತ್ರೆ ತೊಳೆಯುತ್ತ ನಿಂತಿರುತ್ತಾಳೆ, ನಲ್ಲಿ ಬಂದ್ ಮಾಡಿಕೊಂಡು. ನಲ್ಲಿ ಬಂದ್ ಮಾಡಿ ಯಾರಾದರೂ ಪಾತ್ರೆ ತೊಳೆಯುತ್ತಾರೇನು?

ಶುಕ್ರವಾರ ನಮ್ಮ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋಗಿದ್ದರು. ಮೊಮ್ಮಗಳು ಜ್ಯೋತ್ಸ್ನಾ ಶಾಲೆಯಿಂದ ಬಂದು ಓದಿದಳು. ಓದಿ ನನ್ನ ಮುಖ ನೋಡಿದಳು.

"ಆಯಿ, ಬ್ಯಾಕ್‌ಯಾರ್ಡಲ್ಲಿ ಇರೋದು ಜಂಕ್ ಅಂತೆ. ಯಾರೋ ಟೌನ್‌ಗೆ ಕಂಪ್ಲೇಂಟ್ ಮಾಡಿದಾರೆ. ವಿ ಹ್ಯಾವ್ ಟು ಕ್ಲಿಯರ್ ಇಟ್."

"ಜಂಕ್ ಅಂದ್ರ?"

"ಕಸ, ಆಯಿ."

"ನಿಮ್ಮಜ್ಜನ ಕಟ್ಟಿಗಿ ಕಸಾ ಆತೇನು? ಆ ಕಾಗದಽ ಕಸ. ಹರದು ಒಗಿ."

ಅವಳು ಹರಿಯಲಿಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿದಳು. ಈಗ ಮೊಸರು ತೆಗೆಯಲು ಹೋದಾಗಲೆಲ್ಲ ಅದು ನನ್ನ ಮುಖಕ್ಕೇ ಬರುತ್ತದೆ.

ಕಟ್ಟಿಗೆಯ ಸಂಗತಿ ನಿನಗೆ ಅರ್ಧ ಗೊತ್ತು. ಐದು ವರ್ಷದ ಹಿಂದೆ ಡಿಸೆಂಬರಿನಲ್ಲಿ ಇಲ್ಲಿ ಐಸಿನ ಮಳೆ ಸುರಿದು ಊರ ಗಿಡಗಳೆಲ್ಲ ಮುರಿದು ಬಿದ್ದವು. ಬಾಜು ಮನೆಯ ಇಟಲಿ ಮುದುಕಿ ರೋಸಾಳ ಹಿತ್ತಲಲ್ಲಿ ಒಂದು ದೊಡ್ಡ ಮೇಪಲ್ ಗಿಡ ಬುಡಸಹಿತ ಬಿತ್ತು. ಅಮರೇಶನ ಅಪ್ಪ ಅದರ ಸುತ್ತ ಮೂರು ಸಲ ತಿರುಗಿ, ತಟ್ಟಿ ನೋಡಿ, ರೋಸಾಳಿಗೆ ಕೈಮುಗಿದು ಕೇಳಿಕೊಂಡರು. ಅವಳ ಮಗ ಯಂತ್ರದ ಗರಗಸದಿಂದ ಸೀಳಿಕೊಟ್ಟ. ಮೂರು ಮಳೆಗಾಲ ಹೊರಗೆ ಬಿದ್ದು ಬಿಸಿಲು ಮಳೆ ಕುಡಿಯದ ಹೊರತು ಬಡಿಗೇರರು ಕಟ್ಟಿಗೆಗೆ ಉಳಿ ಹಚ್ಚುವುದಿಲ್ಲ ಎಂಬುದು ನಿನಗೂ ಗೊತ್ತಲ್ಲ. ಹಾಗೇ ಒಟ್ಟಿದರು. ಜೊತೆಗೆ ಇಲ್ಲಿಯ ಮಂದಿ ರಸ್ತೆಗೆ ಎಸೆದ ಬಾಗಿಲು, ಕಿಟಕಿ ಚೌಕಟ್ಟು, ಮಂಚದ ಕಾಲು ಎಲ್ಲ ಹೊತ್ತು ತಂದರು. ಮೂರು ಮಳೆ ಮುಗಿದ ಮೇಲೆ ಈ ಮನೆಗೆ ಒಂದು ಹೊಸ್ತಿಲು ಕೂಡಿಸುತ್ತೇನೆ ಎಂದಿದ್ದರು. ಈ ದೇಶದ ಮನೆಗೆ ಹೊಸ್ತಿಲೇ ಇಲ್ಲ ಪಾರ್ವತಿ. ಒಂದು ತಗಡಿನ ಪಟ್ಟಿ. ನಾನು ಆರು ವರ್ಷದಿಂದ ತಗಡಿಗೆ ಅರಿಶಿನ ಹಚ್ಚುತ್ತಿದ್ದೇನೆ.

ಮೂರು ಮಳೆ ಮುಗಿದವು. ಅವರೂ ಮುಗಿದರು. ಕಟ್ಟಿಗೆ ಇದೆ. ನಾನೇ ನೀಲಿ ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು ಕಾಯುತ್ತಿದ್ದೇನೆ. ಅಮರೇಶ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ ನಿಜ, ಆದರೂ ಬಡಿಗೇರರ ಮಗ. ಇಂದಲ್ಲ ನಾಳೆ ಅಪ್ಪನ ಉಳಿ ಹಿಡಿಯುತ್ತಾನೆ.

ಈಗ ಚಾಡಿ ಹೇಳಿದವರು ಯಾರು? ಇಬ್ಬರ ಮೇಲೆ ನನ್ನ ಕಣ್ಣು. ಒಬ್ಬಳು ರೋಸಾ. ಕೊಟ್ಟ ಗಿಡದ ಮೇಲೆ ಈಗ ಆಸೆ ಬಂದಿರಬೇಕು. ಇನ್ನೊಬ್ಬಳು ನಮ್ಮ ಸೊಸೆ ಸೌಮ್ಯಾ. ಮೈಸೂರಿನವಳು. ಸಿಟ್ಟು ಬಂದರೂ ನಗುತ್ತಾಳೆ, ಬೇಸರಾದರೂ ನಗುತ್ತಾಳೆ. ಇಂಥವರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಕಾಗದ ಬಂದ ದಿನ "ಅಯ್ಯೋ, ಏನ್ ಮಾಡೋದು ಈಗ" ಎಂದು ಎರಡು ಸಲ ಅಂದಳು. ಒಂದು ಸಲ ಅಂದಿದ್ದರೆ ನಂಬುತ್ತಿದ್ದೆ.

ಅಮರೇಶ ಮಾತ್ರ, ಪಾಪ, ತಾಟಿನಿಂದ ತಲೆ ಎತ್ತಲಿಲ್ಲ. ಅಪ್ಪನ ನೆನಪು ಬಂದಿರಬೇಕು.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ದೇಶದ ಪೆನ್ನು ನಮ್ಮ ಅಕ್ಷರಕ್ಕೆ ಒಗ್ಗುವುದಿಲ್ಲ. ವಿಳಾಸ ಜ್ಯೋತ್ಸ್ನಾ ಬರೆದಿದ್ದಾಳೆ, ಒಳಗಿನದನ್ನು ಓದಲು ಅವಳಿಗೆ ಬರುವುದಿಲ್ಲ. ಅದೇ ಒಳ್ಳೆಯದು.

ನಿನ್ನ ಅಕ್ಕ,
ನಾಗವ್ವ


ನವಲಗುಂದ
4 ಜುಲೈ 2018

ಅಕ್ಕನ ಪಾದಗಳಿಗೆ ಪಾರ್ವತೆವ್ವನ ನಮಸ್ಕಾರ.

ನಿನ್ನ ಕಾಗದ ಇಪ್ಪತ್ತೆರಡು ದಿನಕ್ಕೆ ಮುಟ್ಟಿತು. ಪೋಸ್ಟಿನವನು ಗಿರಣಿಗೇ ತಂದುಕೊಟ್ಟ. ಮಗ ಈರೇಶ "ದೊಡ್ಡವ್ವ ಇನ್ನೂ ಕಾಗದ ಬರೀತಾಳಲ್ಲ" ಎಂದು ಗಿರಾಕಿಗಳಿಗೆಲ್ಲ ಲಕೋಟೆ ತೋರಿಸಿದ. ಅದರ ಮೇಲೆ ಹಿಟ್ಟು ಕೂತಿತ್ತು, ಝಾಡಿಸಿ ಓದಿದೆ.

ಅಕ್ಕಾ, ನಾನು ನಿನಗಿಂತ ಚಿಕ್ಕವಳು, ಬುದ್ಧಿ ಹೇಳಬಾರದು. ಆದರೂ ಒಂದು ಮಾತು. ಸರಕಾರದವರು ಬರೆದು ಕಳಿಸಿದ ಮೇಲೆ ಹಟ ಬೇಡ. ನಿನಗೆ ನೆನಪಿರಬೇಕು, ಹಳ್ಳಿಯಲ್ಲಿದ್ದಾಗ ನಿಮ್ಮ ತಿಪ್ಪೆ ದಾರಿಗೆ ಬಂದಿದೆ ಎಂದು ಇಡೀ ಓಣಿ ಬಡಕೊಂಡರೂ ನೀನು ಕದಲಲಿಲ್ಲ. ಪಂಚಾಯ್ತಿಯ ಮೊಹರು, ಶಿಕ್ಕೆ ಬಿದ್ದ ಕಾಗದ ಬಂದ ಮರುದಿನವೇ ಬುಟ್ಟಿ ಹಿಡಿದು ನೀನೇ ಸರಿಸಿದೆ. ಶಿಕ್ಕೆಗೆ ನೀನು ಮರ್ಯಾದೆ ಕೊಡುವವಳು. ಈಗಲೂ ಹಾಗೇ ಮಾಡು.

ಯಾರು ಹೇಳಿದರು ಎಂದು ಹುಡುಕಿ ಏನು ಮಾಡುತ್ತೀ? ಹುಡುಕಿದರೆ ಮನಸ್ಸು ಕೆಡುತ್ತದೆ, ಬೇರೆ ಏನೂ ಸಿಗುವುದಿಲ್ಲ. ಅಮರೇಶನ ಅಪ್ಪ, ನಮ್ಮ ತಿಪ್ಪಣ್ಣ ಮಾವ, ಆ ಕಟ್ಟಿಗೆಯಲ್ಲಿ ಇಲ್ಲ ಅಕ್ಕಾ. ಇದ್ದಿದ್ದರೂ, ಹಿಮದಲ್ಲಿ ಹೋಗಿ ತಾಡಪತ್ರಿ ಝಾಡಿಸು ಎಂದು ನಿನಗೆ ಹೇಳುತ್ತಿರಲಿಲ್ಲ.

ಈರೇಶನಿಗೆ ಹೊಸ ಮೋಟರು ಬಂದಿದೆ. ಜೋಳ ನುಣ್ಣಗೆ ಬೀಸುತ್ತದೆ. ಕೈ ಜೋಪಾನ.

ಪಾರ್ವತೆವ್ವ


ಬೋಲ್ಟನ್
29 ಜುಲೈ 2018

ಪಾರ್ವತಿ,

ಆಶೀರ್ವಾದ. ಒಂದು ಪ್ರಶ್ನೆ ಕೇಳುತ್ತೇನೆ, ಸುತ್ತಿ ಬಳಸದೆ ಉತ್ತರ ಕೊಡು. ಹಿಮದ ಮಾತು ನಿನಗೆ ಯಾರು ಹೇಳಿದರು? ಕೈ ಜೋಪಾನ ಎಂದು ಯಾಕೆ ಬರೆದೆ? ನಾನು ಬರೆದದ್ದು ಪೆನ್ನಿನ ವಿಷಯ, ಕೈ ವಿಷಯವಲ್ಲ.

ಹೌದು, ಬಿದ್ದಿದ್ದೆ. ಫೆಬ್ರವರಿಯಲ್ಲಿ. ತಾಡಪತ್ರಿಯ ಮೇಲೆ ಮೊಳ ಹಿಮ ಕೂತಿತ್ತು, ಭಾರಕ್ಕೆ ಹರಿಯುತ್ತದೆ ಎಂದು ಕಸಬರಿಗೆ ಹಿಡಿದು ಹೋದೆ. ಕೆಳಗೆ ಐಸು. ಬಲಗೈ ಮಣಿಕಟ್ಟಿನ ಎಲುಬು ಸೀಳು ಬಿಟ್ಟಿತು, ಪಟ್ಟಿ ಹಾಕಿದರು, ಬಿಚ್ಚಿದರು, ಮುಗಿಯಿತು. ನೀನು ಸುಮ್ಮನೆ ಅಳುತ್ತೀ ಎಂದು ಬರೆದಿರಲಿಲ್ಲ. ಈಗ ತಿಳಿಯಿತು, ಸೌಮ್ಯಾ ನಿನಗೂ ಫೋನ್ ಮಾಡುತ್ತಾಳೆ. ನನ್ನ ತಂಗಿಯನ್ನೇ ನನ್ನ ವಿರುದ್ಧ ತಿರುಗಿಸಲು ಹೊರಟಿದ್ದಾಳೆ. ಮಾಡಿದಳೋ ಇಲ್ಲವೋ, ಬರೆ.

ಇಪ್ಪತ್ತನೇ ತಾರೀಕು ಬೈಲಾ ಆಫೀಸರ ಬಂದ. ಬೈಲಾ ಎಂದರೆ ಊರಿನ ಮನೆಗಳ ಕಾಯಿದೆ, ಯಾರ ಹುಲ್ಲು ಎಷ್ಟು ಎತ್ತರ ಬೆಳೆದಿದೆ, ಯಾರ ಹಿತ್ತಲಲ್ಲಿ ಏನು ಬಿದ್ದಿದೆ ಎಂದು ನೋಡುವ ಕೆಲಸ. ಹೆಂಗಸರ ಕೆಲಸಕ್ಕೆ ಸರಕಾರ ಪಗಾರ ಕೊಟ್ಟು ಗಂಡಸರನ್ನು ಇಟ್ಟಿದೆ. ಬಂದವನು ನೀಲಿ ಪಗಡಿಯ ಸರದಾರ, ನಮ್ಮ ಅಮರೇಶನ ವಯಸ್ಸಿನವನು. ನನ್ನ ಬಾಯಲ್ಲಿ ಹಿಂದಿ ಕೇಳಿ ಅವನ ಮುಖ ಅರಳಿತು.

"ಮಾತಾಜಿ, ಯೇ ಸಬ್ ಕಿಸಕಾ ಹೈ?"

"ಮೇರೆ ಆದಮೀಕಾ. ವೋ ಮರ್ ಗಯಾ. ಉಸ್ಕೋ ಭೀ ನೋಟಿಸ್ ದೇತಾ ಕ್ಯಾ?"

ಪಾಪ, ಪೆನ್ನು ಜೇಬಿಗೆ ಹಾಕಿಕೊಂಡ. ಫೋಟೋ ತೆಗೆದ. ತೆರೆದ ಜಾಗದಲ್ಲಿ ಹೀಗೆ ಒಟ್ಟುವ ಹಾಗಿಲ್ಲ, ಒಳಗೆ ಇಡಿ, ಇಲ್ಲವೇ ತೆಗೆಯಿರಿ, ಇಲ್ಲದಿದ್ದರೆ ಟೌನಿನವರೇ ಟ್ರಕ್ಕು ತಂದು ಎತ್ತಿಸುತ್ತಾರೆ ಎಂದು ತಿಳಿಸಿ ಹೇಳಿದ. ನಾನು ಚಹಾ ಕೊಟ್ಟು, ಚಾಡಿ ಹೇಳಿದವರು ಯಾರೆಂದು ಮೆಲ್ಲಗೆ ಕೇಳಿದೆ, "ಬೇಟಾ, ನಾಮ್ ಮತ್ ಬತಾವ್. ಬಾಜೂವಾಲಿ ಕ್ಯಾ, ಘರವಾಲಿ ಕ್ಯಾ, ಉಂಗಲೀ ದಿಖಾವ್, ಬಸ್."

"ನಹೀಂ ಮಾತಾಜಿ, ಕಾನೂನ್ ಹೈ," ಎಂದು ಆಕಾಶ ನೋಡಿದ. ನಮ್ಮ ಮನೆಯ ಕಡೆ ನೋಡಲು ಹೆದರಿಕೆ ಇದ್ದವನ ಹಾಗೆ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಮರುದಿನ ರೋಸಾ ಬೇಲಿಯ ಸಂದಿನಿಂದ ಒಳಗೇ ಬಂದಳು. ತಾಡಪತ್ರಿಯ ಮೂಲೆ ಎತ್ತಿ, ಒಂದು ತುಂಡು ಕಿತ್ತು, ನನ್ನ ಕಣ್ಣ ಮುಂದೆ ಅಂಗೈಯಲ್ಲಿ ಹಿಚುಕಿ ಪುಡಿ ಮಾಡಿ ಉದುರಿಸಿದಳು. ಮೇಲೆ ಇಟಲಿ ಮಾತಿನಲ್ಲಿ ಉದ್ದ ಭಾಷಣ. ಭಾಷೆ ತಿಳಿಯದಿದ್ದರೆ ಧಮಕಿಯೂ ತಿಳಿಯುವುದಿಲ್ಲವೇನು? ನಿನ್ನ ಕಟ್ಟಿಗೆಯನ್ನು ಹೀಗೆ ಪುಡಿ ಮಾಡಿಸುತ್ತೇನೆ ಎಂದಳು. ನಾನೂ ಬಿಡಲಿಲ್ಲ. "ನಿನ್ನ ಟೊಮೆಟೊಕ್ಕ ಹುಳಾ ಬೀಳಲಿ" ಎಂದೆ. ಅವಳು ತಲೆ ಆಡಿಸಿ, ಮರುದಿನ ಒಂದು ಬುಟ್ಟಿ ಟೊಮೆಟೊ ನಮ್ಮ ಮೆಟ್ಟಿಲ ಮೇಲೆ ಇಟ್ಟು ಹೋದಳು. ಇದರಲ್ಲಿ ಏನು ಹೂಟ ಇದೆಯೋ. ನಾನು ಮುಟ್ಟಲಿಲ್ಲ. ಸೌಮ್ಯಾ ಸಾರು ಮಾಡಿದಳು.

ಈಗ ಅಸಲು ಸಂಗತಿ. ಸರದಾರ ಬಂದು ಹೋದ ಮೂರನೆಯ ದಿನ ಸೌಮ್ಯಾ ಗ್ಯಾರೇಜಿನಲ್ಲಿ ನಿಂತು ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ನನಗೆ ಇಂಗ್ಲಿಷ್ ಬರದಿದ್ದರೂ ಮೂರು ಮಾತು ತಿಳಿಯುತ್ತವೆ. "ಬೈಲಾ" ಅಂದಳು. ನಮ್ಮ ಮನೆಯ ನಂಬರು ಹೇಳಿದಳು. "ಮದರ್ ಇನ್ ಲಾ" ಅಂದಳು. ನನ್ನ ನೆರಳು ಬಿದ್ದೊಡನೆ ಫೋನು ಕೆಳಗಿಳಿಯಿತು. "ಅತ್ತೆ, ಕಾಫಿ ಮಾಡ್ಲಾ?" ಎಂದು ನಕ್ಕಳು. ಪಾರ್ವತಿ, ಕಳ್ಳರು ಸಿಕ್ಕಿಬಿದ್ದಾಗ ಬೇರೆ ಏನು ಮಾಡುತ್ತಾರೆ, ಕಾಫಿಯನ್ನೇ ಮಾಡುತ್ತಾರೆ.

ಮೊನ್ನೆ ಟೌನಿನವರ ಇನ್ನೊಂದು ಕಾಗದ ಬಂತು, ಅಕ್ಟೋಬರ್ ಹದಿನೈದರ ತನಕ ವಾಯಿದೆ ಕೊಟ್ಟಿದ್ದಾರೆ. ಸರದಾರನಿಗೆ ನನ್ನ ನಾಲಿಗೆಯ ಬಿಸಿ ತಾಗಿದೆ ಎಂದುಕೊಂಡಿದ್ದೇನೆ.

ನಾಗವ್ವ


ನವಲಗುಂದ
21 ಆಗಸ್ಟ್ 2018

ಅಕ್ಕನಿಗೆ ನಮಸ್ಕಾರ.

ಸೌಮ್ಯಾ ನನಗೆ ಫೋನ್ ಮಾಡಿಲ್ಲ. ದೇವರಾಣೆ. ಅವಳ ಮೇಲೆ ಅನುಮಾನ ಪಡಬೇಡ. ನೀನು ಬಿದ್ದದ್ದು ನನಗೆ ಹೇಗೋ ತಿಳಿಯಿತು, ದೂರ ಇದ್ದವರಿಗೆ ಹಲವು ದಾರಿಯಲ್ಲಿ ತಿಳಿಯುತ್ತದೆ. ನೀನೇ ಹೇಳಿದ್ದರೆ ಬೇರೆಯವರಿಂದ ಕೇಳುವ ಪಾಳಿ ಬರುತ್ತಿರಲಿಲ್ಲ.

ಹೇಳಲೇಬೇಕೆಂದರೆ ಆ ರೋಸಾಳೇ ಇರಬಹುದು. ಬಾಜು ಮನೆಯವರಿಗೇ ಹಿತ್ತಲು ಕಾಣುವುದು. ಅವಳು ಪರದೇಶದವಳು, ನಾಲ್ಕು ಮಾತು ಬೈದು ಬಿಟ್ಟುಬಿಡು. ಮನೆಯವರನ್ನು ಏನೂ ಅನ್ನಬೇಡ. ಕಟ್ಟಿಗೆ ಹೋದರೆ ಹೋಗಲಿ.

ಇಲ್ಲಿ ಮಳೆ ಪರವಾಗಿಲ್ಲ. ನನ್ನ ಕಣ್ಣು ಸ್ವಲ್ಪ ಮಂಜು, ಅದಕ್ಕೇ ಕಾಗದ ಚಿಕ್ಕದಾಯಿತು.

ಪಾರ್ವತೆವ್ವ


ಬೋಲ್ಟನ್
18 ಸೆಪ್ಟೆಂಬರ್ 2018

ಪಾರ್ವತಿ,

ನಿನ್ನ ಕಾಗದ ಚಿಕ್ಕದಾದದ್ದು ಕಣ್ಣಿನ ಮಂಜಿಗಲ್ಲ. ಐವತ್ತು ವರ್ಷ ನಿನ್ನ ಸುಳ್ಳು ಕೇಳಿದ್ದೇನೆ, ಸುಳ್ಳು ಹೇಳುವಾಗ ನೀನು ಯಾವಾಗಲೂ ಗಿಡ್ಡ ಮಾತಾಡುತ್ತೀ. ಸೌಮ್ಯಾಳನ್ನು ಮರೆಮಾಡುತ್ತಿದ್ದೀ. ದೇವರಾಣೆ ಬೇರೆ. ಇರಲಿ, ನಿನ್ನ ದೇವರು, ನಿನ್ನ ಆಣೆ.

ಶನಿವಾರ ನಾರ್ತ್ ಯಾರ್ಕಿನಲ್ಲಿ ಸುಜಾತಾಳ ಬಿಲ್ಡಿಂಗಿನಲ್ಲಿ ಗಣಪತಿ ಇಟ್ಟಿದ್ದರು. ಹುಬ್ಬಳ್ಳಿಯವಳು, ನಮ್ಮ ಕಡೆಯವರೆಲ್ಲ ಅಲ್ಲಿ ಕೂಡುತ್ತಾರೆ. ಹದಿನೆಂಟನೇ ಮಾಳಿಗೆಯ ಮನೆ ಸಾಲದೆ ಕೆಳಗೆ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಹೆಂಗಸರೆಲ್ಲ ಊಟಕ್ಕೆ ಸಾಲಾಗಿ ಕೂತಿದ್ದೆವು. ಸೌಮ್ಯಾ ಕಡುಬು ಬಡಿಸುತ್ತಿದ್ದಳು. ಸುಜಾತಾ ನನ್ನ ಬಾಜು ಕೂತು ಕೇಳಿದಳು.

"ನಾಗಕ್ಕಾರ, ಯಾಕ ಸಪ್ಪಗದೀರಿ? ಮನ್ಯಾಗ ಎಲ್ಲಾ ಆರಾಮಲ್ಲ?"

ಮೂರು ತಿಂಗಳಿಂದ ಒಳಗೆ ಕುದಿಯುತ್ತಿದ್ದದ್ದು ಉಕ್ಕಿತು.

"ಆರಾಮ ಎಲ್ಲಿಂದ ಬರಬೇಕವ್ವಾ? ಮನೀ ಸೊಸಿನಽ ಸರಕಾರಕ್ಕ ಚಾಡಿ ಹೇಳಿ ಮಾವನ ಕಟ್ಟಿಗಿ ಎತ್ತಸ್ಲಿಕ್ಕೆ ನಿಂತಾಳ. ಅತ್ತೀನೂ ಜಂಕ್ ಅಂತ ಯಾವತ್ತ ಬರಸ್ತಾಳೋ ಗೊತ್ತಿಲ್ಲ."

ಸಾರಿನ ಬಟ್ಟಲು ಎತ್ತಿದವರು ಎತ್ತಿದ ಹಾಗೇ ಕೂತರು. ಸೌಮ್ಯಾ ನನ್ನ ಎದುರಿಗೇ ಕಡುಬಿನ ಬುಟ್ಟಿ ಹಿಡಿದು ನಿಂತಿದ್ದಳು. ಕೆಂಪಾದಳು. ಆಮೇಲೆ ಬಗ್ಗಿ, "ಅತ್ತೆ, ನಿಮಗೆ ಇನ್ನೊಂದು ಕಡುಬು ಹಾಕ್ಲಾ?" ಎಂದಳು. ಅಷ್ಟೇ. ಇಲ್ಲ ಅನ್ನಲಿಲ್ಲ, ನಾನಲ್ಲ ಅನ್ನಲಿಲ್ಲ. ತಪ್ಪು ಮಾಡದವರು ಇಷ್ಟು ಸುಮ್ಮನಿರುತ್ತಾರೇನು?

ಅಮರೇಶ ಗಂಡಸರ ಕಡೆ ನಿಂತಿದ್ದ, ಎಲ್ಲ ಕೇಳಿಸಿಕೊಂಡ. ಮುಖ ಬೂದಿಯಾಯಿತು. "ಕಾರ್ ತರ್ತೀನಿ" ಎಂದು ಊಟ ಬಿಟ್ಟು ಹೊರಗೆ ಹೋದ. ಹೆಂಡತಿಯ ಕೃತ್ಯಕ್ಕೆ ನಾಚಿಕೊಂಡ, ಬಡವ. ಮನೆ ಮುಟ್ಟಿ ಕಾರಿನಿಂದ ಇಳಿಯುವಾಗ ಜ್ಯೋತ್ಸ್ನಾ, "ದಟ್ ವಾಸ್ ಸೋ ಮೀನ್, ಆಯಿ" ಎಂದಳು. ಮೂರು ದಿನದಿಂದ ನನ್ನ ಖೋಲಿಗೆ ಬಂದಿಲ್ಲ.

ನಾನು ನಿರ್ಧಾರ ಮಾಡಿದ್ದೇನೆ. ಅಕ್ಟೋಬರ್ ಹದಿನೈದಕ್ಕೆ ಟ್ರಕ್ಕು ಬರುತ್ತದೆ. ಕಟ್ಟಿಗೆ ಈ ಮನೆ ಬಿಟ್ಟ ದಿನ ನಾನೂ ಬಿಡುತ್ತೇನೆ. ನಿನ್ನ ಗಿರಣಿಯ ಹಿಂದಿನ ಖೋಲಿ ಖಾಲಿ ಮಾಡಿಸು. ನನ್ನ ಗಂಡನ ಕೆಲಸವನ್ನು ಕಸ ಅನ್ನಿಸಿದವಳ ಕೈಯ ರೊಟ್ಟಿ ನನಗೆ ಇಳಿಯುವುದಿಲ್ಲ.

ನಾಗವ್ವ


ನವಲಗುಂದ
8 ಅಕ್ಟೋಬರ್ 2018

ಅಕ್ಕಾ,

ನಿನ್ನ ಕಾಗದ ಮೊನ್ನೆ ಸಂಜೆ ಬಂತು. ರಾತ್ರಿ ಊಟ ಮಾಡಲಿಲ್ಲ. ಈ ಕಾಗದ ಹದಿನೈದರೊಳಗೆ ನಿನ್ನನ್ನು ಮುಟ್ಟುವುದಿಲ್ಲ ಎಂದು ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಎಲ್ಲರಿಗೂ ಕೇಳುತ್ತದೆ ಎಂದು ನೀನೇ ಬರೆದಿದ್ದೀ. ಅದಕ್ಕೇ ಬರೆಯುತ್ತಿದ್ದೇನೆ.

ಸೌಮ್ಯಾ ಅಲ್ಲ. ರೋಸಾ ಅಲ್ಲ. ರೋಸಾ ಇರಬಹುದು ಎಂದು ನಾನು ಬರೆದದ್ದು ಸುಳ್ಳು.

ಮೇ ತಿಂಗಳಲ್ಲಿ ಅಮರೇಶ ನನಗೆ ಫೋನ್ ಮಾಡಿದ್ದ, ಗೋದಾಮಿನ ಹೊರಗಿನಿಂದ. ಹುಡುಗರ ಹಾಗೆ ಅತ್ತ.

"ಚಿಗವ್ವಾ, ಅವ್ವ ಬರೋ ಚಳಿಗಾಲಕ್ಕೂ ಆ ಐಸಿನ್ಯಾಗ ಹೋಗ್ತಾಳ. ಈ ಸಲ ಕೈ ಮುರೀತು, ಮುಂದಿನ ಸಲ ಟೊಂಕ ಮುರದ್ರ? ನಾ ಕೆಲಸಕ್ಕ ಹೋದಾಗ ಬಿದ್ರ ಎತ್ತಾವ್ರೂ ಇರಾಂಗಿಲ್ಲ. ಅಪ್ಪನ ಕಟ್ಟಿಗಿ ತಗೀಬೇ ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಆಗ ನಾನೇ ಹೇಳಿದೆ ಅಕ್ಕಾ. "ನೀ ಹೇಳಬ್ಯಾಡೋ. ಸರಕಾರದವರ ಕಡಿಂದ ಹೇಳಸು. ನಿಮ್ಮವ್ವ ಯಾರ ಮಾತೂ ಕೇಳಾಂಗಿಲ್ಲ, ಶಿಕ್ಕಾ ಬಿದ್ದ ಕಾಗದ ಬಂದ್ರ ಸುಮ್ಮಗಾಗ್ತಾಳ." ತಿಪ್ಪೆಯ ನೆನಪಿನಲ್ಲಿ ಹೇಳಿದೆ. ಅವನು ತನ್ನ ಮನೆಯ ಮೇಲೆ ತಾನೇ ತಕರಾರು ಕೊಟ್ಟ. ಒಂದು ವಾರದಲ್ಲಿ ಎಲ್ಲ ಮುಗಿಯುತ್ತದೆ ಎಂದು ಇಬ್ಬರೂ ತಿಳಿದಿದ್ದೆವು. ನೀನು ಕಟ್ಟಿಗೆ ಬಿಟ್ಟು ಮನುಷ್ಯರ ಬೆನ್ನು ಹತ್ತುತ್ತೀ ಎಂದು ತಿಳಿಯಲಿಲ್ಲ.

ಮಗನ ಮೇಲೆ ಸಿಟ್ಟಾಗಬೇಡ. ನನ್ನ ಮೇಲೆ ಎಷ್ಟಾದರೂ ಆಗು. ಸೌಮ್ಯಾಳಿಗೆ ಅಷ್ಟು ಮಂದಿಯ ಮುಂದೆ ಅಂದದ್ದನ್ನು ಓದಿದ ಮೇಲೆ ಇನ್ನೂ ಮುಚ್ಚಿಡುವುದು ಪಾಪ ಅನಿಸಿತು. ಖೋಲಿ ಖಾಲಿ ಇದೆ, ನೀನು ಬಂದರೆ ನನಗೆ ಹಬ್ಬ. ಆದರೆ ಈ ಸಿಟ್ಟು ಹೊತ್ತು ಬರಬೇಡ.

ಪಾರ್ವತಿ


ಬೋಲ್ಟನ್
12 ನವೆಂಬರ್ 2018

ಪಾರ್ವತಿ,

ಆಶೀರ್ವಾದ ಈ ಸಲ ಕಾಗದದ ಕೊನೆಗೆ ಕೊಡುತ್ತೇನೆ, ಅದೂ ನನ್ನ ಮನಸ್ಸು ಬಂದರೆ.

ಕಟ್ಟಿಗೆಯ ಕಥೆ ನಿನ್ನ ಕಾಗದ ಬರುವ ಮೊದಲೇ ಮುಗಿದಿತ್ತು. ಹದಿನಾಲ್ಕನೇ ತಾರೀಕು ರವಿವಾರ. ಮುಂಜಾನೆ ಎದ್ದು ನೋಡಿದರೆ ಸೌಮ್ಯಾ ಗ್ಯಾರೇಜು ಅರ್ಧ ಖಾಲಿ ಮಾಡಿ, ಕಾರು ಹೊರಗೆ ನಿಲ್ಲಿಸಿ, ನೆಲ ಗುಡಿಸುತ್ತಿದ್ದಾಳೆ. "ಒಳಗೆ ಇಟ್ರೆ ಯಾರೂ ಕೇಳಲ್ಲ ಅತ್ತೆ. ನಾಳೆ ಟ್ರಕ್ ಬರೋ ಮೊದ್ಲು ಒಳಗೆ ತಂದ್ಬಿಡೋಣ" ಎಂದಳು. ಗಣಪತಿಯ ಊಟದಲ್ಲಿ ಅಷ್ಟು ಅನ್ನಿಸಿಕೊಂಡವಳು. ಇದರಲ್ಲಿ ಏನು ಹೂಟ ಎಂದು ಆಗಲೂ ಹುಡುಕಿದೆ ನೋಡು, ಸಿಗಲಿಲ್ಲ.

ಅಮರೇಶ ಹಗ್ಗ ಬಿಚ್ಚಿದ. ತಾಡಪತ್ರಿ ಎಳೆದೊಡನೆ ಹಳೆಯ ಬಾವಿಯ ವಾಸನೆ ಬಂತು. ಮೇಲಿನ ಹಲಗೆಗಳ ತುಂಬ ಬಿಳಿ ನಾಯಿಕೊಡೆ. ಅಮರೇಶ ಒಂದು ಹಲಗೆಯ ಎರಡು ತುದಿ ಹಿಡಿದು ಎತ್ತಿದ, ನಡುವೆ ಧಾರವಾಡದ ಪೇಡೆ ಮುರಿದ ಹಾಗೆ ಮುರಿಯಿತು. ಇನ್ನೊಂದು. ಮತ್ತೊಂದು. ರೋಸಾ ಬೇಲಿಯ ಆಚೆ ಎರಡೂ ಕೈ ಗಲ್ಲಕ್ಕೆ ಹಚ್ಚಿ ನಿಂತಿದ್ದಳು. ಜ್ಯೋತ್ಸ್ನಾ ಅವಳ ಹತ್ತಿರ ಹೋಗಿ ಮಾತಾಡಿ ಬಂದು ಹೇಳಿದಳು, "ಆಯಿ, ಶಿ ಸೇಸ್ ಅವತ್ತೇ ನಿಮಗೆ ಹೇಳಿದ್ರಂತೆ. ಗಾಳಿ ಇಲ್ಲ, ಕೊಳೀತಾ ಇದೆ, ಓಪನ್ ಮಾಡಿ ಅಂತ."

ಧಮಕಿ ಎಂದು ನಾನು ತಿಳಿದದ್ದು ಅದು.

ಬಡಿಗೇರನ ಮನೆಯಲ್ಲಿ ನಲವತ್ತೊಂಬತ್ತು ವರ್ಷ ಬಾಳಿದವಳು ನಾನು. ಮಳೆ ಬೀಳಲಿ, ಬಿಸಿಲು ಬೀಳಲಿ, ಕಟ್ಟಿಗೆಗೆ ಗಾಳಿ ಆಡುತ್ತಿರಬೇಕು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರು ಯಾವತ್ತೂ ಏನೂ ಹೊದಿಸಿರಲಿಲ್ಲ. ಅವರು ಹೋದ ಮೇಲೆ ಮೊದಲ ಹಿಮ ಬಿದ್ದ ದಿನ ಕಿಟಕಿಯಿಂದ ನೋಡಿದೆ, ಯಾರೋ ಬತ್ತಲೆ ಮಲಗಿದ ಹಾಗೆ ಕಂಡಿತು. ತಾಳಲಾಗಲಿಲ್ಲ. ಹೋಗಿ ಹೊದಿಸಿದೆ, ಬಿಗಿದೆ. ಯಾರೂ ಕಸ ಅನ್ನದಿರಲಿ ಎಂದು ಕಾದೆ, ಪಾರ್ವತಿ, ಕಸ ಮಾಡಿದವಳು ನಾನೇ.

ಒಟ್ಟಿಲಿನ ನಡುವೆ ನಾಲ್ಕು ಹಲಗೆ ಗಟ್ಟಿ ಉಳಿದಿದ್ದವು. ಅಮರೇಶ ಒಂದೊಂದಕ್ಕೂ ಹೆಬ್ಬೆರಳು ಒತ್ತಿ, ಬೆರಳ ಗಂಟಿನಿಂದ ಬಡಿದು, ಕಿವಿ ಕೊಟ್ಟು ಕೇಳಿ ಆರಿಸಿದ. ಅದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವು ಗ್ಯಾರೇಜಿನಲ್ಲಿವೆ. ಹೊಸ್ತಿಲು ಆಗುತ್ತದೋ ಇಲ್ಲವೋ, ನೀನು ಕೇಳಬೇಡ, ನಾನೂ ಅವನನ್ನು ಕೇಳುವುದಿಲ್ಲ. ಉಳಿದ ಪುಡಿಯನ್ನೆಲ್ಲ ರೋಸಾ ತನ್ನ ಟೊಮೆಟೊ ಮಡಿಗೆ ಬೇಕೆಂದು ಕೇಳಿ ಒಯ್ದಳು. ಸರದಾರ ಸೋಮವಾರ ಬಂದು ನೋಡಿ, ಫೋಟೋ ತೆಗೆದು, ಚಹಾ ಕುಡಿದು ಹೋದ.

ಇಪ್ಪತ್ತೇಳಕ್ಕೆ ನಿನ್ನ ಕಾಗದ ಬಂತು. ಅಮರೇಶನೇ ತಂದು ಕೈಯಲ್ಲಿ ಕೊಟ್ಟು, "ಚಿಗವ್ವನ ಕಾಗದಾ ಬಂದೈತಿ ನೋಡವ್ವಾ" ಎಂದ. ಒಳಗೆ ಏನಿದೆ ಎಂದು ಅವನಿಗೆ ಗೊತ್ತಿಲ್ಲ. ಓದಿ ಎರಡು ದಿನ ಖೋಲಿ ಬಿಟ್ಟು ಹೊರಗೆ ಬರಲಿಲ್ಲ. ನಿನ್ನನ್ನು ಬೈದ ಬೈಗುಳ ಬರೆದರೆ ಲಕೋಟೆ ಮುಚ್ಚುವುದಿಲ್ಲ. ನಾನು ಒಂಬತ್ತು ತಿಂಗಳು ಹೊತ್ತು ಹೆತ್ತವನು ನನ್ನ ಎದುರು ಕೂತು ರೊಟ್ಟಿ ತಿನ್ನುತ್ತ, "ನೀ ಬೀಳ್ತಿ ಅಂತ ಅಂಜಿಕಿ ಆಗೇತವ್ವಾ" ಎನ್ನಲಾರದೆ ಸರಕಾರಕ್ಕೆ ಹೋದನಲ್ಲ. ನಾನು ಎಂಥ ತಾಯಿ ಇರಬೇಕು. ಸಿಟ್ಟು ಅವನ ಮೇಲೆ ಸುರುವಾದದ್ದು ತಿರುಗಿ ತಿರುಗಿ ನನ್ನ ಹತ್ತಿರವೇ ಬಂದು ಕೂತಿತು.

ಮೂರನೆಯ ದಿನ ಅಡಿಗೆಮನೆಗೆ ಹೋದೆ. ಸೌಮ್ಯಾ ಪಲ್ಯ ಹೆಚ್ಚುತ್ತಿದ್ದಳು.

"ಕಂಪ್ಲೇಂಟ್ ಕೊಟ್ಟಾಂವ ಯಾರಂತ ನಿನಗ ಗೊತ್ತಿತ್ತೇನು?"

ಚಾಕು ನಿಂತಿತು. "ನೋಟೀಸ್ ಬಂದ ರಾತ್ರಿನೇ ಹೇಳಿದ್ರು ಅತ್ತೆ. ತುಂಬಾ ಜಗಳ ಆಡಿದೆ ಅವರ ಹತ್ರ."

"ಮತ್ತ ಗ್ಯಾರೇಜಿನ್ಯಾಗ ಫೋನ್ ಮಾಡಿದ್ದು?"

"ಟೈಮ್ ಕೇಳೋಕೆ. ಅತ್ತೆಗೆ ಕಷ್ಟ ಆಗುತ್ತೆ, ಸ್ವಲ್ಪ ದಿನ ಕೊಡಿ ಅಂತ."

ನನ್ನ ನಾಲಿಗೆಯ ಬಿಸಿ ಅಂತ ನಿನಗೆ ಬರೆದಿದ್ದೆನಲ್ಲ, ಅದನ್ನು ಹೊಡೆದು ಹಾಕು.

"ಅಷ್ಟ ಮಂದಿ ಮುಂದ ನಾ ಅಂದಾಗರ ಬಾಯಿ ಬಿಡಬಾರದಽ? ನಾನಲ್ಲ, ನಿಮ್ಮ ಮಗಾ ಅಂತ ಒಂದ ಮಾತು?"

ಅವಳು ಮತ್ತೆ ಹೆಚ್ಚತೊಡಗಿದಳು. "ಅಂದಿದ್ರೆ ನಿಮಗೆ ಮಗನ ಮೇಲೆ ಇದ್ದ ನಂಬಿಕೆನೂ ಹೋಗ್ತಿತ್ತು. ಸೊಸೆ ಮೇಲೆ ಹೇಗೂ ಇರ್ಲಿಲ್ವಲ್ಲ. ಇರೋದನ್ನ ಉಳಿಸೋಣ ಅಂತ ಸುಮ್ನಿದ್ದೆ."

ನಗಲಿಲ್ಲ ಪಾರ್ವತಿ. ಹದಿನಾರು ವರ್ಷದಲ್ಲಿ ಮೊದಲ ಸಲ ಅವಳು ನಗದೆ ಮಾತಾಡಿದ್ದು ಕೇಳಿದೆ. ಇನ್ನೊಂದು ಚಾಕು ತೆಗೆದುಕೊಂಡು ಕೂತು ಅರ್ಧ ಬದನೆಕಾಯಿ ಹೆಚ್ಚಿಕೊಟ್ಟೆ.

ಅಡಿಗೆಮನೆಯಲ್ಲಿ ಬದನೆಕಾಯಿ ಹೆಚ್ಚಿದರೆ ಮಂದಿಯ ಮುಂದೆ ಕಳೆದ ಮರ್ಯಾದೆ ತಿರುಗಿ ಬರುವುದಿಲ್ಲ, ಅಷ್ಟು ನನಗೂ ಗೊತ್ತು. ಮೊನ್ನೆ ಶನಿವಾರ ಸುಜಾತಾಳಲ್ಲಿ ದೀಪಾವಳಿಯ ಊಟ. ಅದೇ ಹಾಲ್, ಅದೇ ಹೆಂಗಸರು. ಸೌಮ್ಯಾ ಬರುವುದಿಲ್ಲ ಎಂದಳು, ನಾನೇ ಹಟ ಮಾಡಿ ಹೊರಡಿಸಿದೆ. ಎಲ್ಲರೂ ಕೂತ ಮೇಲೆ ನಾನು ಎದ್ದು ನಿಂತೆ.

"ಅವತ್ತ ಗಣಪತಿ ಊಟದಾಗ ನಾ ಸೌಮ್ಯಾನ ಮ್ಯಾಲೆ ಸುಳ್ಳ ಹೊರಿಸಿದ್ದೆ. ಆಕಿ ಏನೂ ಮಾಡಿಲ್ಲ. ಕಟ್ಟಿಗಿ ಇಡಾಕ ತನ್ನ ಗ್ಯಾರೇಜ್ ಬಿಟ್ಟಕೊಟ್ಟಾಕಿ ಆಕಿ. ನನ್ನ ನಾಲಿಗಿಗೆ ಅವತ್ತ ಹಲ್ಲ ಅಡ್ಡ ಬರಲಿಲ್ಲ."

ಸುಜಾತಾಳ ಬಾಯಿ ಸುಮ್ಮನಿರುತ್ತದೆಯೇ? "ಹಂಗಾರ ಕಂಪ್ಲೇಂಟ್ ಕೊಟ್ಟವರು ಯಾರ್ರೀ ನಾಗಕ್ಕಾರ?"

ಗಂಡಸರ ಸಾಲಿನಲ್ಲಿ ಅಮರೇಶ ಕೈತುತ್ತು ಬಾಯಿಗೆ ಒಯ್ಯದೆ ಕೂತಿದ್ದ. ಈ ಸಲ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆಯಲು ಹೊರಟಿದ್ದ. ಅವನಿಗಿಂತ ನಾನು ಮುಂದಾದೆ.

"ಯಾರ ಕೊಡತಾರ? ನಾನಽ ಕೊಟ್ಟೆ."

"ಅಯ್ಯಽ! ನಿಮಗ ಇಂಗ್ಲಿಷ್ ಎಲ್ಲಿ ಬರ್ತದ?"

"ಸರದಾರಗ ಹಿಂದಿ ಬರ್ತದಲ್ಲ? ಎರಡು ಚಳಿಗಾಲ ಆತು ಹಿಮಾ ಝಾಡಸಿ ಝಾಡಸಿ ಸಾಕಾಗಿತ್ತವ್ವಾ. ನನ್ನ ಕೈಲೆ ತಗೀಲಿಕ್ಕೆ ಆಗಲಿಲ್ಲ, ಸರಕಾರದವರಽ ತಗಸಲಿ ಅಂದೆ. ಮುಪ್ಪಿನ ಬುದ್ಧಿ. ಕೊಟ್ಟಿದ್ದಽ ಮರ್ತು ಮಂದೀ ಮ್ಯಾಲೆ ಹಾಕಿದ್ನಿ."

ಎಲ್ಲರೂ ನಕ್ಕರು. ನಾಗಕ್ಕ ಎಂದರೆ ಹೀಗೇ ಎಂದು ಅಂದುಕೊಂಡರು. ಅನ್ನಲಿ. ನಗದವರು ಇಬ್ಬರು, ನನ್ನ ಮಗ ಮತ್ತು ಸೊಸೆ.

ಹೈವೇಯಲ್ಲಿ ಅಮರೇಶ ಗಾಡಿ ಹೊಡೆಯುತ್ತ, "ಅವ್ವಾ, ನಿನಗ ಒಂದ ಮಾತ..." ಎಂದು ಮೂರು ಸಲ ಸುರು ಮಾಡಿದ. ಮೂರೂ ಸಲ, "ರಸ್ತೆ ನೋಡಿ ಹೊಡಿ" ಎಂದೆ. ಮನೆಗೆ ಬಂದು ಎಲ್ಲರೂ ಒಳಗೆ ಹೋದ ಮೇಲೆ ಅವನು ನನ್ನ ಖೋಲಿಯ ಬಾಗಿಲಲ್ಲಿ ಬಂದು ನಿಂತ. "ಕೂಡು" ಎಂದೆ. ಕೂತ. ಹೇಳಿದ. ಎಲ್ಲ ಹೇಳಿದ. ನನಗೆ ಗೊತ್ತಿದ್ದದ್ದನ್ನೇ ಕೇಳುತ್ತ ಕೂತೆ, ಒಂದು ಮಾತಿಗೂ ಅಡ್ಡ ಬರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು.

ಗಿರಣಿಯ ಹಿಂದಿನ ಖೋಲಿಯಲ್ಲಿ ಜೋಳದ ಚೀಲ ಇಟ್ಟುಕೊ. ನಾನು ಬರುವುದಿಲ್ಲ, ಬಂದರೂ ಒಂದು ತಿಂಗಳು ಇದ್ದು ಹೋಗುತ್ತೇನೆ.

ಮತ್ತೆ, ತಕರಾರು ಯಾರು ಕೊಟ್ಟದ್ದು ಎಂದು ನಿನ್ನನ್ನು ಯಾರಾದರೂ ಕೇಳಿದರೆ, ಅಕ್ಕನೇ ಎಂದು ಹೇಳು. ಉದ್ದಕ್ಕೆ ಹೇಳು, ಗಿಡ್ಡ ಹೇಳಿದರೆ ಸಿಕ್ಕಿಬೀಳುತ್ತೀ. ಇನ್ನು ಮೇಲೆ ಅಮರೇಶ ನಿನಗೆ ಫೋನ್ ಮಾಡಿ, ಚಿಗವ್ವಾ, ಅವ್ವಗ ಇದನ್ನ ಹ್ಯಾಂಗ ಹೇಳ್ಲಿ ಎಂದು ಕೇಳಿದರೆ ಬುದ್ಧಿ ಹೇಳಲು ಹೋಗಬೇಡ. "ನಿಮ್ಮವ್ವ ಬಾಜೂ ಖೋಲ್ಯಾಗ ಅದಾಳ, ಎದ್ದು ಹೋಗು" ಎಂದು ಫೋನು ಇಟ್ಟುಬಿಡು.

ಆಶೀರ್ವಾದ ಕೊಟ್ಟಿದ್ದೇನೆ, ತೆಗೆದುಕೊ.

ನಿನ್ನ ಅಕ್ಕ,
ನಾಗವ್ವ